ಕಚೇರಿಯ ನೆಲ, ನೌಕರರ ಕಾಲು

ಸೋಮವಾರ ಬೆಳಿಗ್ಗೆ ನಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಹೊಸ ಸುತ್ತೋಲೆ ಅಂಟಿಸಿದ್ದರು. ಉಡುಪಿನ ಬಗ್ಗೆ ಒಂಬತ್ತು ಅಂಶ, ಅದರಲ್ಲಿ ನಾಲ್ಕು ಕಾಲಿಗೆ ಸೇರಿದವು. ಗಂಡಸರು ಕಪ್ಪು ಅಥವಾ ಕಂದು ಬಣ್ಣದ, ಬೆರಳು ಹಿಮ್ಮಡಿ ಎರಡೂ ಮುಚ್ಚುವ ಶೂ ಹಾಕಬೇಕು. ಹೆಂಗಸರಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆಗಬಹುದು. ಹವಾಯಿ ಚಪ್ಪಲಿ ಯಾರೂ ಹಾಕುವಂತಿಲ್ಲ. ನಾಲ್ಕನೆಯದನ್ನು ಎರಡು ಸಲ ಓದಿದೆ: ಕಚೇರಿಯ ಒಳಗೆ ಬರಿಗಾಲಲ್ಲಿ ಓಡಾಡುವುದನ್ನು ಅಶಿಸ್ತು ಎಂದು ಪರಿಗಣಿಸಲಾಗುವುದು.

ಬರಿಗಾಲು ಅಶಿಸ್ತು ಎಂಬ ಈ ಮಾತನ್ನು ನನ್ನ ಅಜ್ಜಿಗೆ ಅರ್ಥ ಮಾಡಿಸಲು ನನ್ನಿಂದ ಆಗುತ್ತಿರಲಿಲ್ಲ. ಆಕೆಯ ಪ್ರಕಾರ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟುವುದೇ ಅಶಿಸ್ತು. ಅದು ಮನೆಯ ಮಾತಾಯಿತು, ಕೆಲಸದ ಜಾಗದ್ದಲ್ಲ ಎನ್ನಬಹುದು. ಆದರೆ ನಮ್ಮೂರಲ್ಲಿ ಕಣವೂ ಕೆಲಸದ ಜಾಗವೇ ಆಗಿತ್ತು. ರಾಶಿ ಹಾಕಿದ ಕಣದೊಳಕ್ಕೆ ಯಾರೂ ಚಪ್ಪಲಿ ಹಾಕಿಕೊಂಡು ಕಾಲಿಡುತ್ತಿರಲಿಲ್ಲ. ಸಾಲ ಕೊಟ್ಟ ಸಾಹುಕಾರ ಬಂದರೂ ಬದುವಿನ ಬಳಿ ಬಿಟ್ಟೇ ಬರಬೇಕಿತ್ತು.

*

ಅದೇ ಸೋಮವಾರ ಮಧ್ಯಾಹ್ನ ಹೊಳೆದದ್ದು. ಆಯುಧಪೂಜೆಯ ದಿನ ನಮ್ಮ ಕಚೇರಿಯ ಇದೇ ಹಾಲ್‌ನಲ್ಲಿ ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮ ಹಚ್ಚುತ್ತೇವೆ, ಬಾಗಿಲಿಗೆ ಬಾಳೆಕಂದು ಕಟ್ಟುತ್ತೇವೆ, ಬೂದುಗುಂಬಳಕಾಯಿ ಒಡೆಯುತ್ತೇವೆ. ಅವತ್ತು ಮ್ಯಾನೇಜರರಿಂದ ಹಿಡಿದು ಎಲ್ಲರ ಶೂಗಳೂ ಲಿಫ್ಟಿನ ಪಕ್ಕದಲ್ಲಿ ಸಾಲಾಗಿ ಇರುತ್ತವೆ. ಸಾಕ್ಸ್ ಕಳಚಿ ಜೇಬಿಗೆ ತುರುಕಿಕೊಂಡು ಎಲ್ಲರೂ ಬರಿಗಾಲಲ್ಲಿ ಕೈಮುಗಿದು ನಿಲ್ಲುತ್ತೇವೆ. ಯಾರ ಶಿಸ್ತೂ ಕೆಟ್ಟಂತೆ ಕಾಣುವುದಿಲ್ಲ. ಮಾರನೆಯ ದಿನಕ್ಕೆ ಅದೇ ನೆಲದ ಮೇಲೆ ಅದೇ ಕಾಲು ಅಶಿಸ್ತಾಗುತ್ತದೆ. ಒಂದೇ ರಾತ್ರಿಯಲ್ಲಿ ಬದಲಾಗುವುದು ಏನು ಎಂದು ಪ್ರಾಮಾಣಿಕವಾಗಿ ಯೋಚಿಸಿದೆ. ಉತ್ತರ ಸಿಗಲಿಲ್ಲ. ಅದಕ್ಕೇ ಈ ಟಿಪ್ಪಣಿಗಳು.

*

ಲೆಕ್ಕಪತ್ರ ವಿಭಾಗದಲ್ಲಿ ನನ್ನ ಎದುರಿಗೆ ಕೂರುವ ಹಿರಿಯರೊಬ್ಬರಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅವರ ಕಾಲಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಎರಡು ವರ್ಷದ ಹಿಂದೆ ಒಂದು ಸಂಜೆ ಶೂ ಬಿಚ್ಚಿದಾಗ ಅವರ ಸಾಕ್ಸ್ ಕೆಂಪಾಗಿತ್ತು. ಶೂ ತಲೆಕೆಳಗು ಮಾಡಿ ನೋಡಿದರೆ ಅಟ್ಟೆಗೆ ಒಂದು ಡ್ರಾಯಿಂಗ್ ಪಿನ್ ಚುಚ್ಚಿಕೊಂಡು ಒಳಗೆ ಬಂದಿತ್ತು. ಬೆಳಿಗ್ಗೆಯಿಂದ ಅದರ ಮೇಲೆಯೇ ನಡೆದಾಡಿದ್ದರು. ನೋವೇ ಗೊತ್ತಾಗಿರಲಿಲ್ಲ. ವೈದ್ಯರು ಒಂದು ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿ, ‘ಗೊತ್ತಾಗುತ್ತಾ?’ ಎಂದು ಕೇಳುತ್ತ ಹೋದರಂತೆ. ಆ ಎಳೆ ಬಾಗುವುದು 10 ಗ್ರಾಂ ಒತ್ತಡಕ್ಕೆ. ಅಷ್ಟೂ ಗೊತ್ತಾಗದಿದ್ದರೆ ಕಾಲು ತನ್ನನ್ನು ತಾನು ಕಾಯುವ ಶಕ್ತಿ ಕಳೆದುಕೊಂಡಿದೆ ಎಂದರ್ಥ. ಇವರಿಗೆ ಮೂರು ಕಡೆ ಗೊತ್ತಾಗಲಿಲ್ಲ.

ಅಂದಿನಿಂದ ಅವರದು ಎಂಸಿಆರ್, ಅಂದರೆ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ. ಮೆತ್ತನೆಯ ರಬ್ಬರಿನ ಒಳ ಅಟ್ಟೆ, ಅದರಡಿಗೆ ಗಟ್ಟಿ ಅಟ್ಟೆ, ಮೇಲೆ ಎರಡು ಅಗಲ ಪಟ್ಟಿ, ಹಿಮ್ಮಡಿಗೊಂದು ಪಟ್ಟಿ. ಉಂಗುಷ್ಠ ಇಲ್ಲ, ಏಕೆಂದರೆ ಬೆರಳ ಸಂದಿಯಲ್ಲಿ ಉಜ್ಜಿ ಗಾಯವಾಗಬಾರದು. ಮೊಳೆಯೂ ಇಲ್ಲ. ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಕಾಲುಗಳಿಗಾಗಿ ತಯಾರಾಗತೊಡಗಿದ ಈ ಚಪ್ಪಲಿ ಈಗ ಮಧುಮೇಹಿಗಳ ಕಾಲನ್ನೂ ಉಳಿಸುತ್ತಿದೆ. ವೈದ್ಯರು ಹೇಳಿದ ಇನ್ನೊಂದು ಮಾತು, ಮನೆಯೊಳಗೂ ಬರಿಗಾಲಲ್ಲಿ ಹೆಜ್ಜೆ ಇಡಬೇಡಿ ಎಂದು.

ಈಗ ನೋಡಿ. ಹೊಸ ಸುತ್ತೋಲೆಯ ಪ್ರಕಾರ ಅವರ ಚಪ್ಪಲಿ ನಿಷಿದ್ಧ. ವೈದ್ಯಕೀಯ ಪ್ರಮಾಣಪತ್ರ ತಂದು ಕೊಡಿ, ಪರಿಶೀಲಿಸುತ್ತೇವೆ ಎಂದರು ಕಚೇರಿಯವರು. ತಂದುಕೊಟ್ಟರು. ವರ್ಷಕ್ಕೆರಡು ಸಲ ಅವರು ಲೆಕ್ಕ ತೋರಿಸಲು ಹೋಗುವ ಆಡಿಟರ್ ಕಚೇರಿಯಲ್ಲಿ ಇದಕ್ಕೆ ತದ್ವಿರುದ್ಧ. ಬಾಗಿಲಲ್ಲೇ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಫಲಕ, ಒಳಗೆ ಎಲ್ಲರೂ ಬರಿಗಾಲು. ಅಲ್ಲಿಯೂ ಅವರು ವಿವರಿಸಬೇಕು. ಒಂದು ಕಡೆ ಚಪ್ಪಲಿ ಹಾಕಿದ್ದಕ್ಕೆ, ಇನ್ನೊಂದು ಕಡೆ ಬಿಚ್ಚದಿದ್ದಕ್ಕೆ. ಎರಡೂ ಕಡೆ ನಿಯಮ ಬರೆದವರು ಒಳ್ಳೆಯವರೇ. ಎರಡೂ ಕಡೆ ಯಾರೂ ಕಾಲನ್ನು ಮೊದಲು ಕೇಳಲಿಲ್ಲ.

‘ನನ್ನ ಕಾಯಿಲೆ ಎಲ್ಲರಿಗೂ ಹೇಳ್ಕೊಂಡು ತಿರುಗಬೇಕಾಯ್ತಲ್ಲ, ಅದೇ ಬೇಜಾರು’ ಎಂದರು ಅವರು. ಕಾಲಿನ ಗಾಯಕ್ಕಿಂತ ಅವರಿಗೆ ತಾಗಿದ್ದು ಇದು.

*

ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೆನಪಾಯಿತು. ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ತೊಂಬತ್ತರ ದಶಕ. ಬಾಗಿಲ ಹೊರಗೆ ಮೂವತ್ತು ಜೊತೆ ಚಪ್ಪಲಿ, ಒಳಗೆ ಏಸಿಯ ತಂಪು, ಅಂಗಾಲಿಗೆ ಕೊರೆಯುವ ನೆಲ. ದೇವಸ್ಥಾನದ ಗರ್ಭಗುಡಿಗೆ ಹೋದಷ್ಟೇ ಭಯಭಕ್ತಿಯಿಂದ ಹೋಗುತ್ತಿದ್ದೆವು.

ಆ ನಿಯಮಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ಹಳೆಯ ದೊಡ್ಡ ಕಂಪ್ಯೂಟರುಗಳಲ್ಲಿ ಡಿಸ್ಕುಗಳ ಅಟ್ಟಿಯನ್ನೇ ಹೊರತೆಗೆದು ಬೇರೆಯದನ್ನು ಕೂರಿಸುತ್ತಿದ್ದರು. ತಿರುಗುವ ಡಿಸ್ಕಿಗೂ ಅದನ್ನು ಓದುವ ತಲೆಗೂ ನಡುವೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಸಂದು. ಅಲ್ಲಿಗೆ ಧೂಳಿನ ಕಣವೊಂದು ಸಿಕ್ಕಿದರೆ ಇಡೀ ಡಿಸ್ಕು ಹಾಳು. 1973ರಲ್ಲಿ ಐಬಿಎಂ ಕಂಪನಿ ಡಿಸ್ಕನ್ನೂ ತಲೆಯನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯೊಳಗಿಟ್ಟ 3340 ಎಂಬ ಡ್ರೈವ್ ತಂದಿತು. ನಾವು ಲ್ಯಾಬಿನಲ್ಲಿ ಮುಟ್ಟಿದ ಪಿಸಿಗಳ ಹಾರ್ಡ್ ಡಿಸ್ಕುಗಳೆಲ್ಲ ಹೀಗೆ ಮುಚ್ಚಿದವೇ. ಫ್ಲಾಪಿಯ ಬಾಯಿಗೆ, ಫ್ಯಾನಿಗೆ ಧೂಳು ಹೋಗದಿರಲಿ ಎಂಬಷ್ಟು ಕಾರಣ ಉಳಿದಿತ್ತು ಅಷ್ಟೆ. ಆದರೂ ಫಲಕ ಹಾಗೆಯೇ ಇತ್ತು. ಕಾರಣ ಹೋದ ಮೇಲೂ ನಿಯಮ ಬದುಕಿರುತ್ತದೆ ಎನ್ನುವುದನ್ನು ನಾನು ಮೊದಲು ಕಂಡದ್ದು ಅಲ್ಲಿ.

*

ಇದಕ್ಕೆ ಎದುರಾಗಿ, ಕಾರಣ ಇನ್ನೂ ಜೀವಂತವಾಗಿರುವ ಜಾಗ. ಸರ್ಕ್ಯೂಟ್ ಬೋರ್ಡ್ ಜೋಡಿಸುವ ಘಟಕದಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗಳು ಹೇಳಿದ್ದು. ಹೊರಗಿನ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಒಳಗೆ ಕೊಡುವ ವಿಶೇಷ ಚಪ್ಪಲಿ ಹಾಕಬೇಕು. ಮಣಿಕಟ್ಟಿಗೆ ಒಂದು ಪಟ್ಟಿ, ಅದರಿಂದ ಭೂಮಿಗೆ ತಂತಿ. ಒಳಗೆ ಹೋಗುವ ಮೊದಲು ಒಂದು ಯಂತ್ರದ ಮೇಲೆ ನಿಂತು ಗುಂಡಿ ಒತ್ತಬೇಕು. ಹಸಿರು ದೀಪ ಬಂದರೆ ಮಾತ್ರ ಪ್ರವೇಶ.

ನಡೆದಾಡುವಾಗ ನಮ್ಮ ಮೈಯಲ್ಲಿ ಸ್ಥಿರ ವಿದ್ಯುತ್ ಸೇರಿಕೊಳ್ಳುತ್ತದೆ. ಅದು ಸುಮಾರು 3000 ವೋಲ್ಟ್ ದಾಟಿದರೆ ಮಾತ್ರ ನಮಗೆ ಚುರ್ ಎನ್ನುತ್ತದೆ. ಕೆಲವು ಸೂಕ್ಷ್ಮ ಚಿಪ್ಪುಗಳು ಹಾಳಾಗಲು 100 ವೋಲ್ಟೂ ಬೇಡ. ನಮಗೆ ಗೊತ್ತೇ ಆಗದ ಹಾಗೆ ಕೈಯಲ್ಲಿದ್ದ ವಸ್ತು ಸತ್ತಿರುತ್ತದೆ. ಆ ಚಪ್ಪಲಿ ಈ ವಿದ್ಯುತ್ತನ್ನು ನಿಧಾನವಾಗಿ ನೆಲಕ್ಕೆ ಇಳಿಸುತ್ತದೆ. ಮಣಿಕಟ್ಟಿನ ತಂತಿಯಲ್ಲಿ 10 ಲಕ್ಷ ಓಮ್‌ನ ಒಂದು ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ ಕರೆಂಟಿನ ತಂತಿ ಮುಟ್ಟಿದರೂ ಮೈಮೂಲಕ ಹೆಚ್ಚು ಹರಿಯದಿರಲಿ ಎಂದು. ಚಿಪ್ಪಿನ ಜೊತೆಗೆ ಮನುಷ್ಯನನ್ನೂ ಯೋಚಿಸಿದ ನಿಯಮ ಇದು.

‘ನಿಮ್ಮ ಎಂ.ಡಿ. ಬಂದರೆ?’ ಎಂದು ಕೇಳಿದೆ.

‘ಅವರೂ ಯಂತ್ರದ ಮೇಲೆ ನಿಲ್ಲಬೇಕು ದೊಡ್ಡಪ್ಪ. ಕೆಂಪು ದೀಪ ಬಂದ್ರೆ ಅವರೂ ಹೊರಗೇ.’

*

ಚಿಕ್ಕಪೇಟೆಯ ಹಳೆಯ ಸೀರೆ ಅಂಗಡಿ. ನೆಲದ ತುಂಬ ಗಾದಿ, ಮೇಲೆ ಬಿಳಿ ಹಾಸು. ಚಪ್ಪಲಿ ಮೆಟ್ಟಿಲ ಬಳಿ ಬಿಟ್ಟು ಹತ್ತಿ ಕೂರಬೇಕು. ಮಾಲೀಕರೂ ಬರಿಗಾಲು, ಸೀರೆ ಬಿಚ್ಚಿ ಹರಡುವ ಹುಡುಗನೂ ಬರಿಗಾಲು, ಮದುವೆ ಜವಳಿಗೆ ಬಂದ ಬೀಗರೂ ಬರಿಗಾಲು. ಜರಿಯಂಚು ಕೊಳೆಯಾಗಬಾರದು, ಚಪ್ಪಲಿಯ ಕೊಕ್ಕೆಗೆ ಎಳೆ ಸಿಕ್ಕಬಾರದು. ಕಾರಣ ಕಣ್ಣೆದುರೇ ಬಿದ್ದುಕೊಂಡಿದೆ, ಆರು ಗಜ ಉದ್ದಕ್ಕೆ. ನಿಯಮವನ್ನು ಯಾರೂ ಬರೆದು ಅಂಟಿಸಿಲ್ಲ.

ಒಳ್ಳೆಯ ನಿಯಮದ ಗುರುತು ನನಗೆ ಇಲ್ಲಿ ಸಿಕ್ಕಿತು ಅನ್ನಿಸಿತು. ಕೆಲಸಕ್ಕೆ ಬೇಕಾದದ್ದು, ಎಲ್ಲರಿಗೂ ಒಂದೇ. ನಮ್ಮ ಸುತ್ತೋಲೆಯ ನಾಲ್ಕು ಅಂಶವನ್ನು ಇದಕ್ಕೆ ಹಿಡಿದು ನೋಡಿದೆ. ಕಪ್ಪು ಶೂ ಹಾಕಿದರೆ ಲೆಡ್ಜರ್ ಬೇಗ ತಾಳೆಯಾಗುವುದಿಲ್ಲ.

*

ಎಲ್ಲರಿಗೂ ಒಂದೇ ಅಲ್ಲದ ನಿಯಮವೂ ಇತ್ತು. 1874. ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯ ಕಟ್ಟಡಕ್ಕೆ ಸಮಾಜ ಸುಧಾರಕ ಈಶ್ವರಚಂದ್ರ ವಿದ್ಯಾಸಾಗರರು ಹೋಗುತ್ತಾರೆ. ಕಾಲಲ್ಲಿ ಬಂಗಾಳದ ಸಾದಾ ಚಪ್ಪಲಿ, ‘ಚಟಿ’. ಬಾಗಿಲಲ್ಲಿ ಅವರನ್ನು ತಡೆದು, ಅದನ್ನು ಬಿಚ್ಚಿಡಿ ಇಲ್ಲವೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಎನ್ನುತ್ತಾರೆ. ಜೊತೆಗೆ ಬಂದವರು ಇಂಗ್ಲಿಷ್ ಮಾದರಿಯ ಶೂ ಹಾಕಿದ್ದರು, ಅವರಿಗೆ ತಡೆಯಿಲ್ಲ. ವಿದ್ಯಾಸಾಗರರು ಹಿಂತಿರುಗಿದರು, ಆಮೇಲೆ ಪತ್ರ ಬರೆದು ಪ್ರತಿಭಟಿಸಿದರು. ಆ ಕಾಲದ ದರ್ಬಾರು, ಕಚೇರಿಗಳಲ್ಲೂ ಹೀಗೆಯೇ ನಡೆಯುತ್ತಿತ್ತು. ವಿಲಾಯತಿ ಬೂಟಿನವರು ಹಾಗೇ ಒಳಗೆ ಹೋಗಬಹುದು, ದೇಶಿ ಜೋಡಿನವರು ಬಿಚ್ಚಬೇಕು.

ನಮ್ಮ ಕಾಲಕ್ಕೆ ಬಂದರೆ, 2020ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ನೌಕರರ ಉಡುಪಿನ ಬಗ್ಗೆ ಆದೇಶ ಹೊರಡಿಸಿತು. ಜೀನ್ಸ್, ಟಿ-ಶರ್ಟ್ ಬೇಡ, ಕಚೇರಿಗೆ ಸ್ಲಿಪ್ಪರ್ ಹಾಕಿ ಬರಬೇಡಿ ಎಂದಿತು. ಹೆಂಗಸರು ಚಪ್ಪಲಿ, ಸ್ಯಾಂಡಲ್, ಶೂ ಏನಾದರೂ ಹಾಕಬಹುದು, ಗಂಡಸರು ಶೂ ಅಥವಾ ಸ್ಯಾಂಡಲ್. ಶುಕ್ರವಾರ ಖಾದಿ ತೊಡಿ ಎಂಬ ಒಳ್ಳೆಯ ಮಾತೂ ಅದರಲ್ಲಿತ್ತು. ಮೈಮೇಲೆ ದೇಶಿ ಬಟ್ಟೆ ಬೇಕೆನ್ನುವವರಿಗೆ ಗಂಡಸಿನ ಕಾಲಿನ ದೇಶಿ ಚಪ್ಪಲಿ ಏಕೆ ನೆನಪಾಗಲಿಲ್ಲ?

ಇದನ್ನು ಕೇಳಲು ಕಾರಣವಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಕೂಡಿಯೇ ಸಿಕ್ಕಿತು. ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಗಂಡಸರು ಅಟ್ಟೆ ಕೊಯ್ದರೆ ಹೆಂಗಸರು ಪಟ್ಟಿ ಹೆಣೆಯುತ್ತಾರೆ. ಚರ್ಮವನ್ನು ಗಿಡಮರದ ತೊಗಟೆ, ಕಾಯಿಗಳಿಂದ ಹದ ಮಾಡಿರುತ್ತಾರೆ. ಮೊಳೆಯಿಲ್ಲ, ಚರ್ಮದ ಎಳೆಯಲ್ಲೇ ಹೊಲಿಗೆ. ನನ್ನ ಬಳಿ ಅಥಣಿಯ ಒಂದು ಜೊತೆ ಇದೆ. ಮೊದಲ ವಾರ ಕಚ್ಚಿತು, ಕೊಬ್ಬರಿ ಎಣ್ಣೆ ಸವರಿದೆ, ಆಮೇಲೆ ನನ್ನ ಕಾಲಿನ ಅಚ್ಚನ್ನೇ ಹಿಡಿದುಕೊಂಡಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದನ್ನೇ ಹೋಲುವ ಚಪ್ಪಲಿ ತೋರಿಸಿ, ಎಲ್ಲರೂ ಕೇಳಿದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಮಿಲಾನಿನ ವೇದಿಕೆ ಹತ್ತಬಹುದಾದ ಚಪ್ಪಲಿ ನಮ್ಮ ಕಚೇರಿಯ ಮೂರನೇ ಮಹಡಿ ಹತ್ತುವಂತಿಲ್ಲ. ನನಗೆ ಇದರಿಂದ ನಿಜವಾಗಿ ನೋವಾಗುತ್ತದೆ.

*

ಮಳೆಗಾಲಕ್ಕೊಂದು ಟಿಪ್ಪಣಿ. ನಮ್ಮ ರಾಜ್ಯ ಸರ್ಕಾರ ಸರ್ಕಾರಿ ಶಾಲೆಯ 1ರಿಂದ 10ನೇ ತರಗತಿ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡುತ್ತದೆ. ಆದರೆ ಊರಿನ ಹವೆಗೆ ತಕ್ಕಂತೆ ಶೂ ಬದಲು ಸ್ಯಾಂಡಲ್ ಕೊಡಿಸಲು ಅವಕಾಶ ಇಟ್ಟಿದೆ. ಕರಾವಳಿಯ ಜುಲೈನಲ್ಲಿ ಒದ್ದೆ ಶೂವಿನೊಳಗೆ ದಿನವಿಡೀ ಇಟ್ಟ ಕಾಲು ಏನಾಗುತ್ತದೆ ಎಂದು ಯಾರೋ ಯೋಚಿಸಿದ್ದಾರೆ. ಮಕ್ಕಳ ಕಾಲಿಗೆ ಸಿಕ್ಕ ಈ ಕಾಳಜಿ ದೊಡ್ಡವರ ಕಾಲಿಗೂ ಸಿಗಲಿ.

*

ಹೆಂಗಸರ ಕಾಲಿನದು ಬೇರೆಯದೇ ಕಥೆ. 2015ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ನಿಕೋಲಾ ಥಾರ್ಪ್ ಎಂಬ ಯುವತಿ ಸ್ವಾಗತಕಾರಿಣಿಯ ಕೆಲಸಕ್ಕೆ ಸಮತಟ್ಟಾದ ಶೂ ಹಾಕಿ ಬಂದರೆಂದು ಮೊದಲ ದಿನವೇ ಮನೆಗೆ ಕಳಿಸಿದರು. ಎರಡರಿಂದ ನಾಲ್ಕು ಇಂಚಿನ ಹಿಮ್ಮಡಿ ಕಡ್ಡಾಯವಾಗಿತ್ತು. ಅವರ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, 2017ರ ಮಾರ್ಚ್‌ನಲ್ಲಿ ಸಂಸತ್ತು ಚರ್ಚಿಸಿತು, ಹೊಸ ಕಾನೂನು ಬರಲಿಲ್ಲ. ಮರುತಿಂಗಳೇ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಎತ್ತರದ ಹಿಮ್ಮಡಿಯನ್ನು ಕಡ್ಡಾಯ ಮಾಡುವಂತಿಲ್ಲ ಎಂದು ನಿಯಮ ತಿದ್ದಿತು. ಜಪಾನಿನಲ್ಲಿ 2019ರಲ್ಲಿ ಯುಮಿ ಇಶಿಕಾವಾ ಇದೇ ಬೇಡಿಕೆಗೆ ‘ಕುಟೂ’ ಎಂದು ಹೆಸರಿಟ್ಟರು. ಜಪಾನಿ ಭಾಷೆಯಲ್ಲಿ ಶೂಗೆ ಕುತ್ಸು, ನೋವಿಗೆ ಕುತ್ಸೂ.

ಎಂಟು ಗಂಟೆ ನಿಲ್ಲುವವರ ಹಿಮ್ಮಡಿಯ ಎತ್ತರವನ್ನು ದಿನವಿಡೀ ಕೂರುವವರು ತೀರ್ಮಾನಿಸುತ್ತಾರೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ತೋಚಲಿಲ್ಲ.

*

2021ರ ನವೆಂಬರ್ 8. ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದರು. ಅದೇ ದಿನ ಹರೇಕಳ ಹಾಜಬ್ಬರೂ ಬಿಳಿ ಅಂಗಿ, ಬಿಳಿ ಪಂಚೆ, ಬರಿಗಾಲು. ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿ, ಬಹಳ ವರ್ಷದ ಮೇಲೆ ಕಾಯಂ ಆದವರು. ಸಾವಿರಾರು ಸಸಿಗಳ ನಡುವೆ ಅವರ ಕಾಲು ಓಡಾಡಿದೆ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ಶಾಲೆ ಕಟ್ಟಿಸಿದವರು ಹಾಜಬ್ಬ. ಇಡೀ ದೇಶ ಆ ನಾಲ್ಕು ಪಾದಗಳನ್ನು ನೋಡಿ ಕಣ್ಣು ತುಂಬಿಕೊಂಡಿತು. ನಾನೂ ಕೂಡ.

ಇವತ್ತು ಯೋಚಿಸಿದರೆ ಇನ್ನೊಂದು ಪ್ರಶ್ನೆ ಕಾಡುತ್ತದೆ. ರಾಷ್ಟ್ರಪತಿಗಳ ಎದುರು ಗೌರವವಾಗಿ ಕಂಡ ಬರಿಗಾಲು ಬ್ಯಾಂಕಿನ ಕೌಂಟರಿನಲ್ಲಿ, ತಾಲೂಕು ಕಚೇರಿಯ ಬಾಗಿಲಲ್ಲಿ ಹೇಗೆ ಕಾಣುತ್ತದೆ?

*

ಬರಿಗಾಲನ್ನು ಹೊಗಳಿ ಬರೆಯುತ್ತ ಹೋಗುವುದು ಸುಲಭ, ಆದರೆ ಅದು ಅರ್ಧ ಸತ್ಯ. ಈ ದೇಶದಲ್ಲಿ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಹೋರಾಡಬೇಕಾಯಿತು. ಮೇಲ್ಜಾತಿಯವರ ಬೀದಿ ಬಂದಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಹೋಗಬೇಕೆಂಬ ಕಟ್ಟಳೆಯನ್ನು ದಲಿತರ ಮೇಲೆ ಹೇರಿದ್ದ ಊರುಗಳು ಒಂದೆರಡಲ್ಲ. ಚಪ್ಪಲಿ ಹೊಲಿಯುವ ಕೈಗಳ ಕಾಲಿಗೇ ಚಪ್ಪಲಿ ಇರಕೂಡದು. ಇದು ಹಳೆಯ ಕಥೆಯಾಗಿದ್ದರೆ ಕಾನೂನು ಇದನ್ನು ಹೆಸರಿಸಬೇಕಾಗಿರಲಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ, ಸಾರ್ವಜನಿಕ ಸ್ಥಳದಲ್ಲಿ ಅವರು ಪಾದರಕ್ಷೆ ಧರಿಸದಂತೆ, ಹೊಸ ಬಟ್ಟೆ ತೊಡದಂತೆ, ಸೈಕಲ್ಲು ಬೈಕು ಹತ್ತದಂತೆ ತಡೆಯುವುದನ್ನು ಅಪರಾಧ ಎಂದು ಬರೆಯಿತು. ಅದು ಜಾರಿಗೆ ಬಂದದ್ದು 2016ರ ಜನವರಿ 26ರಂದು.

ಹಾಗಾಗಿ ಯಾರಾದರೂ ‘ಚಪ್ಪಲಿ ಬಿಟ್ಟು ಒಳಗೆ ಬಾ’ ಎಂದಾಗ ಅದು ಯಾರು, ಯಾರಿಗೆ ಹೇಳಿದ ಮಾತು ಎಂದು ಈಗ ಗಮನಿಸುತ್ತೇನೆ. ಹೇಳಿದವರೂ ಬಿಟ್ಟಿದ್ದಾರೆಯೇ ಎಂದು ಅವರ ಕಾಲು ನೋಡುತ್ತೇನೆ.

*

ಶುಕ್ರವಾರ. ಬೇಗ ಬಂದಿದ್ದೆ. ಎಂಟು ಗಂಟೆಗೆ ಮುಂಚೆ ನೆಲ ಒರೆಸುವ ಹೊತ್ತು. ‘ಕಾಲು ಸ್ವಲ್ಪ ಎತ್ತಿ ಸಾರ್’ ಎಂದರು. ಎತ್ತಿದೆ. ಮೇಜಿನ ಅಡಿಗೆ ಮಾಪ್ ಬಂತು, ಅದರ ಹಿಂದೆಯೇ ಎರಡು ಪಾದ. ಬರಿಗಾಲು. ಫಿನಾಯಿಲಿನ ನೀರಿನಲ್ಲಿ ನೆಂದು ಬೆರಳ ತುದಿ ಬಿಳುಚಿಕೊಂಡು ಮುದುರಿದ್ದವು. ಹಿಮ್ಮಡಿಯ ಒಡಕು ಎಷ್ಟು ಆಳವೆಂದರೆ ಒಳಗೆ ಕಪ್ಪು ಗೆರೆ ಕೂತಿತ್ತು. ಬಲಗಾಲಿನ ಹೆಬ್ಬೆರಳ ಪಕ್ಕ ಸುಟ್ಟ ಗಾಯದಂಥ ಕಲೆ. ಏಳು ವರ್ಷದಿಂದ ದಿನಾ ನೋಡುವ ಅಮ್ಮ, ಈ ಕಾಲನ್ನು ನಾನು ನೋಡಿದ್ದು ಇವತ್ತೇ.

‘ಚಪ್ಪಲಿ ಯಾಕಮ್ಮ ಹಾಕ್ಕೊಂಡಿಲ್ಲ?’

‘ಕೆಳಗಡೆ ಬಿಟ್ ಬರ್ಬೇಕು ಸಾರ್. ಒರೆಸಿದ್ ನೆಲ ಗಲೀಜಾಗುತ್ತೆ ಅಂತ ಸೂಪರ್‌ವೈಸರ್ ಬೈತಾರೆ.’

‘ಕಾಲಿಗೇನಾಗಿದೆ?’

‘ಟಾಯ್ಲೆಟ್ ಆ್ಯಸಿಡ್ ಸಾರ್. ಹೋದ್ ತಿಂಗ್ಳು.’

ಸೂಚನಾ ಫಲಕದ ಸುತ್ತೋಲೆ ಅವರ ಬೆನ್ನ ಹಿಂದೆಯೇ ಇತ್ತು. ಬರಿಗಾಲು ಅಶಿಸ್ತು. ಅದು ‘ಎಲ್ಲ ನೌಕರರಿಗೆ’. ಅವರು ಗುತ್ತಿಗೆಯವರು, ನೌಕರರಲ್ಲ. ಗುತ್ತಿಗೆದಾರರಿಗೆ ಫೋನ್ ಮಾಡಿದೆ. ಸೀರೆಯ ಮೇಲೆ ಹಾಕುವ ಕೋಟು, ಗುರುತಿನ ಚೀಟಿ ಒಪ್ಪಂದದಲ್ಲಿದೆ, ಪಾದರಕ್ಷೆ ಇಲ್ಲ ಎಂದರು. ಗಣಿಯ ಕಾನೂನು ನೆನಪಾಯಿತು. ಹಟ್ಟಿಯಂಥ ಚಿನ್ನದ ಗಣಿಗಳಿಗೂ ಅನ್ವಯಿಸುವ 1961ರ ಲೋಹ ಗಣಿ ನಿಯಮಾವಳಿಯ ಪ್ರಕಾರ ರಕ್ಷಣೆಯ ಪಾದರಕ್ಷೆ ಇಲ್ಲದೆ ಯಾರೂ ಗಣಿಗೆ ಇಳಿಯುವಂತಿಲ್ಲ, ಅದನ್ನು ಬಿಟ್ಟಿಯಾಗಿ ಕೊಡುವ ಹೊಣೆ ಮಾಲೀಕರದು. ಕಾಲಿಗೆ ಅಪಾಯ ಎಲ್ಲಿದೆಯೋ ಅಲ್ಲಿ ಚಪ್ಪಲಿ ಎಂಬ ಇಷ್ಟು ನೇರವಾದ ಮಾತನ್ನು ಅರವತ್ತು ವರ್ಷದ ಹಿಂದೆಯೇ ಬರೆದಿದ್ದಾರೆ. ನಮ್ಮ ಕಟ್ಟಡದಲ್ಲಿ ಅಪಾಯವಿರುವುದು ಆ್ಯಸಿಡ್ ಬಾಟಲಿ ಹಿಡಿದವರ ಕಾಲಿಗೆ, ಕಡ್ಡಾಯ ಶೂ ಇರುವುದು ಕುರ್ಚಿಯಲ್ಲಿ ಕೂತ ನನ್ನ ಕಾಲಿಗೆ.

ಮಧ್ಯಾಹ್ನ ಒಂದು ಪತ್ರ ಬರೆದೆ. ಎರಡೇ ಕೋರಿಕೆ. ಸುತ್ತೋಲೆಯ ನಾಲ್ಕು ಅಂಶ ತೆಗೆದು, ಶುಭ್ರವಾದ, ಕಾಲಿಗೆ ಹಿತವಾದ ಪಾದರಕ್ಷೆ ಎಂದಷ್ಟೇ ಬರೆಯಿರಿ. ಸ್ವಚ್ಛತೆಯ ಆರು ಮಂದಿಗೆ ಮೊಣಕಾಲವರೆಗಿನ ಗಂಬೂಟು, ಜೊತೆಗೆ ಒಳಗೆ ಮಾತ್ರ ಬಳಸುವ, ಜಾರದ ರಬ್ಬರ್ ಶೂ ಒಂದೊಂದು ಜೊತೆ ಕೊಡಿಸಿ. ಹಿರಿಯ ಲೆಕ್ಕಿಗರು ಮೊದಲು ಸಹಿ ಹಾಕಿದರು. ಸಂಜೆಯ ಹೊತ್ತಿಗೆ ಹತ್ತೊಂಬತ್ತು ಸಹಿ ಆಗಿತ್ತು.

ಆರೂ ಮಂದಿಯ ಕಾಲಿನ ಅಳತೆ ಪತ್ರದ ಕೆಳಗೆ ಬರೆದಿದ್ದೇನೆ. ಆ ಅಮ್ಮನದು 5. ನಿಮ್ಮ ಕಚೇರಿಯಲ್ಲೂ ನಾಳೆ ಅರ್ಧ ಗಂಟೆ ಮುಂಚೆ ಹೋಗಿ, ನೆಲ ಒರೆಸುವವರ ಕಾಲು ನೋಡಿ, ಅಳತೆ ಕೇಳಿ ಬರೆದುಕೊಳ್ಳಿ.